ಟೋಕನ್ ಅಡ್ವಾನ್ಸ್ ಕೊಡುವ ಮುಂಚೆ ಕರೆಸಿದ ಇಂಜಿನಿಯರ್: ₹4,000ಕ್ಕೆ ನಮಗೆ ಸಿಕ್ಕಿದ್ದು

ಹಳೆ ಫ್ಲ್ಯಾಟ್ ಕೊಳ್ಳುವ ಮುಂಚೆ ಶಿವಮೊಗ್ಗದ ಇಂಜಿನಿಯರ್ ಒಬ್ಬರನ್ನು ಕರೆಸಿ ತೋರಿಸಿದೆವು. ಜೊತೆಗೆ ಒಬ್ಬ ಮೇಸ್ತ್ರಿ, ಒಬ್ಬ ಪ್ಲಂಬರ್ ಬಂದಿದ್ದರು. ಮೂವರಿಗೂ ಸೇರಿ ₹4,000. ನಮ್ಮ ಕಡೆ ಸೈಟು ತಗೊಂಡು ಮನೆ ಕಟ್ಟಿಸುವವರು ಇಂಜಿನಿಯರ್ ಹತ್ತಿರ ಹೋಗೇ ಹೋಗುತ್ತಾರೆ. ಕಟ್ಟಿದ ಫ್ಲ್ಯಾಟ್ ಕೊಳ್ಳುವವರು ವಕೀಲರಿಗೆ ಪತ್ರ ತೋರಿಸುತ್ತಾರೆ, ವಾಸ್ತು ಕೇಳುತ್ತಾರೆ. ಗೋಡೆ, ಪೈಪು ತೋರಿಸುವವರು ಕಡಿಮೆ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ನಾನು ಹೊಸನಗರ ತಾಲ್ಲೂಕಿನ ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತಿಯಾದವಳು. ಊರಿನಲ್ಲಿ ಮನೆ ಇದೆ, ಸ್ವಲ್ಪ ಅಡಿಕೆ ತೋಟ ಇದೆ, ಮೈದುನ ನೋಡಿಕೊಳ್ಳುತ್ತಾರೆ. ಅತ್ತೆಗೆ 84 ವರ್ಷ. ವಾಕರ್ ಹಿಡಿದು ನಡೆಯುತ್ತಾರೆ. ತಿಂಗಳಿಗೆ ಎರಡು ಸಲ ಆಸ್ಪತ್ರೆಗೆ ಹೋಗಲೇಬೇಕು. ಮಳೆಗಾಲದಲ್ಲಿ ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಆ ದಾರಿಯಲ್ಲಿ ಬಂದು ಹೋಗುವುದು ಅವರಿಗೂ ಕಷ್ಟ, ನಮಗೂ ಕಷ್ಟ. ಹಾಗಾಗಿ ಶಿವಮೊಗ್ಗದಲ್ಲಿ, ಲಿಫ್ಟ್ ಇರುವ ಕಡೆ, ಮೆಗ್ಗಾನ್ ಆಸ್ಪತ್ರೆಗೆ ಆಟೋದಲ್ಲಿ ಹೋಗಿಬರುವಷ್ಟು ಹತ್ತಿರ ಒಂದು ಫ್ಲ್ಯಾಟ್ ಹುಡುಕಿದೆವು.

2025ರ ಜೂನ್‌ನಲ್ಲಿ ವಿನೋಬನಗರದಲ್ಲಿ ಒಂದು ಸಿಕ್ಕಿತು. 12 ವರ್ಷದ ಕಟ್ಟಡ, ಮೂರನೇ ಮಹಡಿ, ಮೂರು ರೂಮು. ಕೇಳಿದ ಬೆಲೆ 46 ಲಕ್ಷ. ಗಾಳಿ ಬೆಳಕು ಚೆನ್ನಾಗಿತ್ತು, ಅಕ್ಕಪಕ್ಕದವರು ಒಳ್ಳೆಯವರಿದ್ದರು. ಆದರೆ ಒಳಗೆ ಕಾಲಿಟ್ಟರೆ ಏನೋ ಒಂದು ಸರಿ ಇಲ್ಲ ಅನ್ನಿಸುತ್ತಿತ್ತು. ಹಾಲ್ ಮುಗಿದ ಕೂಡಲೇ ಮೂರೂವರೆ ಅಡಿ ಅಗಲದ, 21 ಅಡಿ ಉದ್ದದ ಒಂದು ಓಣಿ. ಆ ಓಣಿಯ ಒಂದೇ ಬದಿಗೆ ಸಾಲಾಗಿ ರೂಮು, ಬಾತ್‌ರೂಮು, ಇನ್ನೊಂದು ರೂಮು, ಆಮೇಲೆ ಎಂಟು ಅಡಿಗೆ ಒಂಬತ್ತು ಅಡಿಯ ಮೂರನೇ ರೂಮು. ಆ ರೂಮಿನಲ್ಲಿ ಡಬಲ್ ಕಾಟ್ ಹಾಕಿದರೆ ಬೀರು ಬಾಗಿಲು ತೆಗೆಯಲು ಬರುವುದಿಲ್ಲ. ಅಡುಗೆಮನೆ ಓಣಿಯ ಕಟ್ಟಕಡೆಗೆ. ಊಟದ ಟೇಬಲ್‌ಗೆ ಎಲ್ಲೂ ಜಾಗ ಇಲ್ಲ. ಹಾಲ್‌ಗೆ ಒಂದು ಲೋಟ ಕಾಫಿ ತಂದುಕೊಡಬೇಕಾದರೆ ಇಡೀ ಮನೆ ದಾಟಬೇಕು. ಅತ್ತೆಗೆ ಅಂತ ಅಂದುಕೊಂಡಿದ್ದ ಮುಂದಿನ ರೂಮಿಗೆ ಬಾತ್‌ರೂಮ್ ಇರಲಿಲ್ಲ. ಪಕ್ಕದಲ್ಲೇ ಇದ್ದ ಬಾತ್‌ರೂಮಿಗೆ ಓಣಿಯ ಕಡೆಯಿಂದ ಮಾತ್ರ ಬಾಗಿಲು. ಬಾಗಿಲಿನ ಅಗಲ ಎರಡು ಅಡಿ, ಒಳಗೆ ನೆಲ ಮೂರು ಇಂಚು ತಗ್ಗು.

ಬ್ರೋಕರ್ ಹೇಳಿದ್ದು 1,240 ಚದರ ಅಡಿ. ಅದು ಸೂಪರ್ ಬಿಲ್ಟ್ ಅಪ್. ಮೆಟ್ಟಿಲು, ಲಿಫ್ಟು, ಹೊರಗಿನ ಜಾಗದಲ್ಲಿ ನಮ್ಮ ಪಾಲು ಎಲ್ಲ ಸೇರಿಸಿದ ಲೆಕ್ಕ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಬಂದ ಮೇಲೆ ಹೊಸ ಯೋಜನೆಗಳಲ್ಲಿ ಕಾರ್ಪೆಟ್ ಏರಿಯಾ, ಅಂದರೆ ಮನೆಯೊಳಗೆ ನಿಜವಾಗಿ ಬಳಸಲು ಸಿಗುವ ಜಾಗ, ಹೇಳಲೇಬೇಕು. ಹಳೆ ಫ್ಲ್ಯಾಟ್ ಮಾರುವಾಗ ಮಾತ್ರ ಇನ್ನೂ ಆ ದೊಡ್ಡ ಅಂಕಿಯೇ ಓಡಾಡುತ್ತದೆ. ನಾನೇ ಟೇಪ್ ಹಿಡಿದು ಅಳೆದಾಗ ಬಂದಿದ್ದು 905. ಅಂದರೆ ಒಂದು ಚದರ ಅಡಿಗೆ ₹5,083. ಓಣಿ ಎಪ್ಪತ್ಮೂರೂವರೆ ಚದರ ಅಡಿ. ಸುಮ್ನೆ ನಡೆದುಹೋಗುವ ದಾರಿಗೇ ನಾವು ಮೂರೂ ಮುಕ್ಕಾಲು ಲಕ್ಷದ ಹತ್ತಿರ ಕೊಡುತ್ತಿದ್ದೆವು! ಆ ಲೆಕ್ಕ ಬರೆದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

"ಒಡೆದು ಸರಿ ಮಾಡಿಸಿದ್ರೆ ಆಯ್ತು ಮೇಡಂ, ಎರಡು ಲಕ್ಷದಲ್ಲಿ ಮುಗಿಯುತ್ತೆ" ಅಂತ ಬ್ರೋಕರ್. ಮನೆ ಒಳಾಂಗಣ ಮಾಡಿಕೊಡುವ ಒಂದು ಕಡೆ ವಿಚಾರಿಸಿದೆವು. ಅವರ ಹುಡುಗ ಬಂದು ಫೋಟೊ ತೆಗೆದುಕೊಂಡು ಹೋದ. ಎರಡು ದಿನದಲ್ಲಿ ಕಂಪ್ಯೂಟರಿನಲ್ಲಿ ಬರೆದ ಚೆಂದದ ಚಿತ್ರ ಕಳಿಸಿದರು. ಅಡುಗೆಮನೆ ಹಾಲ್ ಪಕ್ಕಕ್ಕೆ ಬಂದಿತ್ತು, ಅತ್ತೆಯ ರೂಮಿನ ಮೂಲೆಯಲ್ಲಿ ಹೊಸ ಬಾತ್‌ರೂಮ್ ಇತ್ತು. ₹7,40,000. ಪೇಂಟು, ಕರೆಂಟಿನ ಕೆಲಸ ಬೇರೆ. "ಇದೆಲ್ಲಾ ಆಗುತ್ತಾ?" ಅಂತ ಕೇಳಿದರೆ "ಎಲ್ಲಾ ಆಗುತ್ತೆ" ಅಂದರು. ಆಗುತ್ತೋ ಇಲ್ಲವೋ ಅಂತ ನೋಡಲು ಅವರು ಒಂದು ಗೋಡೆಯನ್ನೂ ತಟ್ಟಿ ನೋಡಿರಲಿಲ್ಲ. ಎರಡಕ್ಕೂ ಏಳೂವರೆಗೂ ನಡುವೆ ನಾವು ಏನಂತ ತೀರ್ಮಾನ ಮಾಡುವುದು?

ನಾದಿನಿಯ ಮಗ ಈ ಇಂಜಿನಿಯರ್ ನಂಬರ್ ಕೊಟ್ಟಿದ್ದು ಆಗ. ಫೋನ್ ಮಾಡಿದಾಗ ಅವರು ಮೊದಲು ಹೇಳಿದ ಮಾತು ಇದು: "ಬಿಸಿಲಿರುವ ದಿನ ಬೇಡ ಟೀಚರ್. ಮಳೆ ಹಿಡಿದಿರುವ ದಿನ ಬರ್ತೇನೆ." ಇನ್ನೊಂದು ಮಾತನ್ನೂ ಸ್ಪಷ್ಟವಾಗಿ ಹೇಳಿದರು. ಒಡೆಯುವ ಕಟ್ಟುವ ಕೆಲಸ ಅವರು ಹಿಡಿಯುವುದಿಲ್ಲ, ನೋಡಿ ಬರೆದುಕೊಡುವುದು ಮಾತ್ರ. ನಾವು ಕೆಲಸ ಜಾಸ್ತಿ ಮಾಡಿಸಿದರೆ ಅವರಿಗೇನೂ ಸಿಗುವುದಿಲ್ಲ. ಅದೇ ಕಾರಣಕ್ಕೆ ಅವರ ಮಾತಿನ ಮೇಲೆ ನನಗೆ ನಂಬಿಕೆ ಹುಟ್ಟಿತು.

ಆಷಾಢದ ಮಳೆ. ತುಂಗೆ ತುಂಬಿ ಹರಿಯುತ್ತಿದ್ದ ವಾರ. ಬೆಳಿಗ್ಗೆ ಒಂಬತ್ತಕ್ಕೆ ಬಂದರು. ಕೈಯಲ್ಲಿ ಟೇಪು, ಟಾರ್ಚು, ಸಣ್ಣ ಸುತ್ತಿಗೆ, ನೆಲದ ಇಳಿಜಾರು ನೋಡಲು ಒಂದು ಗೋಲಿ. ನೇರವಾಗಿ ಫ್ಲ್ಯಾಟಿಗೆ ಹೋಗಲಿಲ್ಲ. ಮೊದಲು ಕೆಳಗೆ ಪಾರ್ಕಿಂಗ್‌ಗೆ ಹೋಗಿ ಪಿಲ್ಲರ್ ಎಲ್ಲೆಲ್ಲಿ ಎದ್ದಿದೆ ಅಂತ ಹಾಳೆಯಲ್ಲಿ ಗುರುತು ಹಾಕಿಕೊಂಡರು. ಮೇಲೆ ಗೋಡೆ, ಪೇಂಟು, ಟೈಲ್ಸ್ ಎಲ್ಲ ಮುಚ್ಚಿಕೊಂಡಿರುತ್ತದೆ, ಕೆಳಗೆ ಮಾತ್ರ ಕಟ್ಟಡದ ಎಲುಬು ಕಾಣುತ್ತದೆ ಅಂದರು. ಆಮೇಲೆ ಟೆರೇಸು. ಆಮೇಲೆ ಎರಡನೇ ಮಹಡಿಯವರ ಬಾಗಿಲು ತಟ್ಟಿದರು! ನಮ್ಮ ಬಾತ್‌ರೂಮಿನ ನೆಲ ಹೇಗಿದೆ ಅಂತ ಗೊತ್ತಾಗುವುದು ಅವರ ಬಾತ್‌ರೂಮಿನ ಮೇಲ್ಛಾವಣಿಯಲ್ಲಿ. ಆ ಮನೆಯ ಅಮ್ಮ ಒಳಗೆ ಕರೆದು ಕಾಫಿ ಕೊಟ್ಟರು. ಛಾವಣಿಯಲ್ಲಿ ಹಳದಿ ಕಲೆ ಇತ್ತು, ಸುತ್ತ ಬಿಳಿ ಉಪ್ಪು ಬಿಟ್ಟಿತ್ತು. "ಮೂರು ವರ್ಷದಿಂದ ಹೇಳ್ತಾ ಇದ್ದೇವೆ, ಮೇಲಿನವರು ಊರಲ್ಲೇ ಇಲ್ಲ" ಅಂದರು ಆಕೆ. ಈ ಮಾತು ನಮಗೆ ಬ್ರೋಕರ್ ಬಾಯಲ್ಲಿ ಯಾವತ್ತೂ ಬರುತ್ತಿರಲಿಲ್ಲ.

ಫ್ಲ್ಯಾಟಿನ ಒಳಗೆ ಹೋದ ಮೇಲೆ ಅವರು ಕೇಳಿದ ಮೊದಲ ಪ್ರಶ್ನೆ ಗೋಡೆಯ ಬಗ್ಗೆ ಅಲ್ಲ. "ದಿನಾ ಯಾರು ಎಲ್ಲಿಂದ ಎಲ್ಲಿಗೆ ಓಡಾಡ್ತಾರೆ?" ಅಂತ. ನಾನು ಹೇಳಿದೆ. ಅತ್ತೆ ರಾತ್ರಿ ಮೂರು ಸಲ ಬಾತ್‌ರೂಮಿಗೆ ಏಳುತ್ತಾರೆ. ಅವರ ವಾಕರ್ ಅಳತೆ ತಂದಿದ್ದೀರಾ ಅಂದರು. ಫೋನ್ ಮಾಡಿ ಊರಿನಲ್ಲಿ ಅಳೆಸಿದೆವು. 25 ಇಂಚು. ಬಾಗಿಲು 24. ಅಷ್ಟು ದಿನ ನಾವು ಅಡುಗೆಮನೆ, ಹಾಲ್, ಊಟದ ಟೇಬಲ್ ಅಂತ ಚಿಂತೆ ಮಾಡಿದ್ದೆವು. ಈ ಒಂದು ಇಂಚು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಚಿತ್ರದಲ್ಲಿದ್ದ ಹೊಸ ಬಾತ್‌ರೂಮ್ ಯಾಕೆ ಆಗುವುದಿಲ್ಲ ಅಂತ ಅವರು ವಿವರಿಸಿದ್ದು ನನಗೆ ತುಂಬ ಹಿಡಿಸಿತು, ಯಾಕೆಂದರೆ ಅದು ಬರೀ ಲೆಕ್ಕ. ಕಮೋಡಿನ ನೀರು ಹೋಗುವ ಪೈಪು ನಾಲ್ಕು ಇಂಚಿನದು. ಅದು ಸರಾಗ ಹರಿಯಬೇಕಾದರೆ 40 ಅಡಿಗೆ ಒಂದು ಅಡಿಯ ಹಾಗೆ ಇಳಿಜಾರು ಬೇಕು. ಆ ಮೂಲೆಯಿಂದ ಕಟ್ಟಡದ ಪೈಪುಗಳು ಇಳಿಯುವ ಡಕ್ಟ್‌ಗೆ 13 ಅಡಿ. ಅಂದರೆ ಇಳಿಜಾರಿಗೇ ನಾಲ್ಕು ಇಂಚು. ಪೈಪಿಗೆ ನಾಲ್ಕು. ಮೇಲೆ ಸಿಮೆಂಟು, ಟೈಲ್ಸ್‌ಗೆ ಇನ್ನೆರಡು. ಕಟ್ಟುವಾಗಲೇ ಬಾತ್‌ರೂಮ್ ಅಂತ ಇಟ್ಟ ಜಾಗದಲ್ಲಿ ಸ್ಲ್ಯಾಬನ್ನು ತಗ್ಗಿಸಿ ಹಾಕಿರುತ್ತಾರೆ, ಪೈಪು ಅದರೊಳಗೆ ಕೂರುತ್ತದೆ. ರೂಮಿನ ಸ್ಲ್ಯಾಬ್ ತಗ್ಗಿಸಿರುವುದಿಲ್ಲ. ಹಾಗಾಗಿ ಹೊಸ ಬಾತ್‌ರೂಮಿನ ನೆಲ ರೂಮಿಗಿಂತ ಹತ್ತು ಇಂಚು ಮೇಲೆ ಏಳುತ್ತದೆ. 84 ವರ್ಷದವರು ನಡುರಾತ್ರಿ ಆ ಮೆಟ್ಟಿಲು ಹತ್ತಬೇಕು. ಅಷ್ಟೇ ಅಲ್ಲ, ಅದರ ಕೆಳಗೆ ಇರುವುದು ಎರಡನೇ ಮಹಡಿಯವರ ಮಲಗುವ ರೂಮು. ಮುಂದೆ ಸೋರಿದರೆ ಅವರ ಹಾಸಿಗೆಯ ಮೇಲೆ. ಕಾಫಿ ಕೊಟ್ಟ ಆ ಅಮ್ಮನ ಮುಖ ನೆನಪಾಗಿ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು.

ಅಡುಗೆಮನೆ ಹಾಲ್ ಪಕ್ಕಕ್ಕೆ ತರುವುದೂ ಇದೇ ಕಾರಣಕ್ಕೆ ಬಿತ್ತು. ಸಿಂಕಿನ ಪೈಪು ಸಣ್ಣದು, ಆದರೆ 18 ಅಡಿ ಹೋಗಬೇಕು. ನಡುವೆ ಎರಡು ಬಾಗಿಲು ದಾಟಬೇಕು.

ಹಾಗಾದರೆ ಏನು ಮಾಡಬಹುದು? ಗೋಡೆಗಳನ್ನು ಒಂದೊಂದಾಗಿ ತಟ್ಟಿದರು. ಹಾಲ್ ಮತ್ತು ಮುಂದಿನ ರೂಮಿನ ನಡುವಿನದು ಒಂಬತ್ತು ಇಂಚಿನ ಗೋಡೆ, ಒಳಗೆ ಪಿಲ್ಲರ್ ಇದೆ, ಅದನ್ನು ಮುಟ್ಟುವ ಹಾಗಿಲ್ಲ. ಮೂರನೇ ರೂಮು ಮತ್ತು ಓಣಿಯ ನಡುವಿನದು ನಾಲ್ಕೂವರೆ ಇಂಚಿನ ಅಡ್ಡಗೋಡೆ, ಭಾರ ಹೊತ್ತಿಲ್ಲ. ಅದನ್ನು ತೆಗೆದರೆ ಆ ಕಿರಿದಾದ ರೂಮು, ಓಣಿಯ ಎಂಟು ಅಡಿ, ಎರಡೂ ಸೇರಿ ಅಡುಗೆಮನೆ ಬಾಗಿಲಲ್ಲೇ ಊಟದ ಜಾಗ ಆಗುತ್ತದೆ. ಬಾತ್‌ರೂಮನ್ನು ಎಲ್ಲಿಗೂ ಒಯ್ಯಬೇಕಾಗಿಲ್ಲ. ಮುಂದಿನ ರೂಮಿನಿಂದ ಅದಕ್ಕೆ ಮೂರು ಅಡಿಯ ಹೊಸ ಬಾಗಿಲು ಒಡೆದು, ಮೇಲಿನ ಗೋಡೆಯ ಭಾರ ಹೊರಲು ಲಿಂಟಲ್ (ಅಡ್ಡ ತೊಲೆ) ಕೊಟ್ಟು, ಒಳಗಿನ ನೆಲ ಏರಿಸಿ ರೂಮಿನ ಮಟ್ಟಕ್ಕೆ ತಂದರೆ ಸಾಕು. ಕಮೋಡ್ ಇದ್ದಲ್ಲೇ ಇರುತ್ತದೆ. ಮೂರು ರೂಮಿನ ಮನೆ ಎರಡು ರೂಮಿನದಾಗುತ್ತದೆ ಅಂತ ನಮ್ಮನೆಯವರು ಸ್ವಲ್ಪ ಹಿಂದೆ ಮುಂದೆ ನೋಡಿದರು. ನನಗೆ ಆ ಅನುಮಾನ ಬರಲಿಲ್ಲ. ಮಂಚ ಹಿಡಿಸದ ರೂಮು ಲೆಕ್ಕಕ್ಕೆ ಮಾತ್ರ ಮೂರನೆಯದು, ಅಲ್ವಾ?

ಗೋಡೆ ಒಡೆಯುವ ಮುಂಚೆ ಫ್ಲ್ಯಾಟ್ ಮಾಲೀಕರ ಅಸೋಸಿಯೇಷನ್ನಿಂದ ಒಪ್ಪಿಗೆ ಪತ್ರ ತಗೊಳ್ಳಿ ಅಂತ ಎರಡು ಸಲ ಹೇಳಿದರು. ಕಟ್ಟಡದ ಗಟ್ಟಿತನಕ್ಕೆ ಧಕ್ಕೆ ಬರುವ ಕೆಲಸವನ್ನು ಉಳಿದ ಮಾಲೀಕರೆಲ್ಲರ ಒಪ್ಪಿಗೆ ಇಲ್ಲದೆ ಮಾಡಬಾರದು ಅಂತ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಲ್ಲೇ ಇದೆ. ನಮ್ಮದು ಭಾರ ಹೊರದ ಗೋಡೆ ಅಂತ ಅವರೇ ಒಂದು ಸಾಲು ಬರೆದು ಸಹಿ ಹಾಕಿಕೊಟ್ಟರು. ಅಸೋಸಿಯೇಷನ್‌ನವರಿಗೆ ಅದನ್ನು ತೋರಿಸಿದ ಮೇಲೆ ಆಕ್ಷೇಪದ ಮಾತೇ ಬರಲಿಲ್ಲ.

ವರದಿ ನಾಲ್ಕು ಹಾಳೆ, ಕೈಬರಹ. ಖರ್ಚನ್ನು ಎರಡು ಭಾಗ ಮಾಡಿದ್ದರು. ವಾಸಕ್ಕೆ ಬರುವ ಮುಂಚೆ ಆಗಲೇಬೇಕಾದ್ದು: ಬಾತ್‌ರೂಮ್ ಪೂರ್ತಿ ₹1,65,000, ಪಶ್ಚಿಮದ ಗೋಡೆಯ ಬಿರುಕು ಮುಚ್ಚಿ ಹೊರಗಿನಿಂದ ಬಳಿಯಲು ₹40,000, ಗೋಡೆ ಒಡೆದು ಸಾಗಿಸಲು ₹28,000, ವೈರಿಂಗ್ ₹25,000, ಗೋಡೆ ಇದ್ದ ಜಾಗದಲ್ಲಿ ನೆಲ ಸೇರಿಸಲು ₹12,000. ಒಟ್ಟು ₹2,70,000. ಒಂದು ವರ್ಷ ಬಿಟ್ಟು ಮಾಡಬಹುದಾದ್ದು: ಅಡುಗೆಮನೆ ₹1,90,000, ಒಳಗಿನ ಪೇಂಟು ₹85,000. ಇದರ ಮೇಲೆ ಶೇ 15 ಕೈಯಲ್ಲಿ ಇಟ್ಟುಕೊಳ್ಳಿ ಅಂತ ಕೆಳಗೆ ಗೆರೆ ಎಳೆದು ಬರೆದಿದ್ದರು.

ಆ ಎರಡು ಭಾಗವೇ ನಮಗೆ ಬೆಲೆ ಮಾತಾಡಲು ದಾರಿ ಮಾಡಿಕೊಟ್ಟಿತು. ಮಾರುವವರು ಬೆಂಗಳೂರಿನಲ್ಲಿರುವ ಹಿರಿಯರು, ಸಭ್ಯರು. ನನಗೆ ಬೇಕಾದ ಅಡುಗೆಮನೆಗೆ ಅವರು ಯಾಕೆ ದುಡ್ಡು ಬಿಡಬೇಕು? ಅದು ನನ್ನ ಇಷ್ಟ, ನನ್ನ ಖರ್ಚು. ಆದರೆ ಕೆಳಗಿನ ಮನೆಗೆ ಸೋರುವ ಬಾತ್‌ರೂಮು, ಮಳೆನೀರು ಕುಡಿಯುವ ಪಶ್ಚಿಮದ ಗೋಡೆ, ಇವು ಆ ಮನೆಯ ದೋಷ. ಯಾರು ಕೊಂಡರೂ ಮಾಡಿಸಲೇಬೇಕು. ಹಾಗೆ ಬಿಡಿಸಿ ಹೇಳಿ ಹಾಳೆಯ ಫೋಟೊ ಕಳಿಸಿದೆವು. ಸೊಗಾನೆಯಲ್ಲಿ 2023ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಬೆಲೆ ಏರಿದೆ ಅಂತ ಬ್ರೋಕರ್ ತಮ್ಮ ವಾದ ಹೇಳಿದರು. ಕೊನೆಗೆ 43 ಲಕ್ಷದ 25 ಸಾವಿರಕ್ಕೆ ಮುಗಿಯಿತು. ಹಾಳೆ ಇಲ್ಲದೆ ಹೋಗಿದ್ದರೆ ನಾವು ಕೇಳಬೇಕು ಅಂದುಕೊಂಡಿದ್ದು 50 ಸಾವಿರ ಕಡಿಮೆ, ಅಷ್ಟೇ.

ಈಗ ಈ ಸೇವೆಯ ಕುಂದುಗಳು. ಮೂರು ದಿನದಲ್ಲಿ ಕೊಡುತ್ತೇನೆ ಅಂದ ವರದಿ ಬಂದಿದ್ದು ಎಂಟನೇ ದಿನ. ಆ ನಡುವೆ ಬೇರೆಯವರು ಬಂದು ಫ್ಲ್ಯಾಟ್ ನೋಡಿಕೊಂಡು ಹೋದರು. ಆ ಐದು ದಿನ ನಾವು ಪಟ್ಟ ಆತಂಕ ನಮಗೇ ಗೊತ್ತು. ಕೈಬರಹದಲ್ಲಿ ಕೆಲವು ಅಂಕಿ ಓದಲು ಬರಲಿಲ್ಲ, ಫೋನ್ ಮಾಡಿ ಕೇಳಬೇಕಾಯಿತು.

ದೊಡ್ಡ ತಪ್ಪು ಆಗಿದ್ದು ವೈರಿಂಗ್‌ನಲ್ಲಿ. ಅವರ ತಂಡದಲ್ಲಿ ಎಲೆಕ್ಟ್ರಿಷಿಯನ್ ಇರಲಿಲ್ಲ. ಮೇನ್ ಬೋರ್ಡಿನ ಮುಚ್ಚಳ ತೆಗೆದು ನೋಡಲಿಲ್ಲ. ಕೆಲಸ ಶುರುವಾದ ಮೇಲೆ ನೋಡಿದರೆ ಗೀಸರಿಗೆ ಹೋಗಿದ್ದ ವೈರ್ ಲೈಟಿಗೆ ಹಾಕುವಂಥ ಒಂದೂವರೆ ಚದರ ಎಂಎಂನದು. ಅಡುಗೆಮನೆಯ ಎಲ್ಲ ಪ್ಲಗ್ಗೂ ಒಂದೇ ಲೈನಿನಲ್ಲಿ. ಶಾಕ್ ಹೊಡೆದರೆ ಕರೆಂಟ್ ತಾನೇ ಕಡಿಯುವ ಆರ್‌ಸಿಸಿಬಿ ಇರಲೇ ಇಲ್ಲ. ₹25,000 ಅಂತ ಬರೆದಿದ್ದು ₹61,000 ಆಯಿತು. ಹಣಕ್ಕಿಂತ ಜಾಸ್ತಿ, ಒದ್ದೆ ಕಾಲಿನಲ್ಲಿ ಅತ್ತೆ ಆ ಸ್ವಿಚ್ ಮುಟ್ಟುತ್ತಿದ್ದರಲ್ಲ ಅಂತ ಭಯವಾಯಿತು. ನೀವು ಇವರನ್ನು ಕರೆಸಿದರೆ ಎಲೆಕ್ಟ್ರಿಷಿಯನ್ ಒಬ್ಬರನ್ನು ನೀವೇ ಬೇರೆಯಾಗಿ ಕರೆಸಿ.

ಒಡೆದ ಮಣ್ಣು ಇಟ್ಟಿಗೆಯ ಸಾಗಾಣಿಕೆಯೂ ಕಡಿಮೆ ಹಿಡಿದಿದ್ದರು. ಅದೊಂದೇ ಅಡ್ಡಗೋಡೆ ಒಂದು ಟನ್‌ಗಿಂತ ಜಾಸ್ತಿ ತೂಗುತ್ತದೆ. ಅದರ ಮೇಲೆ ಬಾತ್‌ರೂಮಿನ ಹಳೆ ಟೈಲ್ಸು, ಸಿಮೆಂಟು. ಲಿಫ್ಟಿನಲ್ಲಿ ಇಳಿಸಲು ಅಸೋಸಿಯೇಷನ್ ಬಿಡಲಿಲ್ಲ. ಮೂರು ಮಹಡಿಯ ಮೆಟ್ಟಿಲಲ್ಲಿ ಚೀಲ ಹೊತ್ತು ಇಳಿಸಿದ ಇಬ್ಬರು ಹುಡುಗರಿಗೆ ಕೊಟ್ಟಿದ್ದರಲ್ಲಿ ನನಗೆ ಒಂದು ರೂಪಾಯಿಯೂ ಜಾಸ್ತಿ ಅನ್ನಿಸಲಿಲ್ಲ, ಆದರೆ ಅಂದಾಜಿಗಿಂತ ₹8,000 ಮೇಲಾಯಿತು. ಬಾತ್‌ರೂಮಿಗೆ ₹13,000 ಏರಿತು, ಒಳ್ಳೆ ಜಾರದ ಟೈಲ್ಸ್ ನಾವೇ ಆರಿಸಿದ್ದು. ಒಟ್ಟು ₹2,70,000 ಇದ್ದದ್ದು ₹3,27,000. ಶೇ 15 ಸೇರಿಸಿದರೂ ₹3,10,500 ಆಗಬೇಕಿತ್ತು. ಹಳೆ ಮನೆಗೆ ಶೇ 25 ಇಟ್ಟುಕೊಳ್ಳುವುದು ಒಳ್ಳೆಯದು ಅಂತ ನನಗೀಗ ಅನ್ನಿಸುತ್ತದೆ.

ಇನ್ನೊಂದು ಖರ್ಚು ಅವರ ಲೆಕ್ಕಕ್ಕೆ ಸೇರಿದ್ದಲ್ಲ, ಆದರೆ ನಿಮಗೆ ಗೊತ್ತಿರಲಿ. ರಾಜ್ಯದಲ್ಲಿ ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು ಶೇ 2 ಆಯಿತು. ನಮ್ಮ ನೋಂದಣಿ ಸೆಪ್ಟೆಂಬರ್ ಮೊದಲ ವಾರ. ₹43,250 ಜಾಸ್ತಿ ಕಟ್ಟಿದೆವು. ಬ್ಯಾಂಕಿನ ಸಾಲ ಮನೆಯ ಬೆಲೆಗೆ ಮಾತ್ರ ಸಿಕ್ಕಿದ್ದು. ನೋಂದಣಿ, ರಿಪೇರಿ ಎರಡಕ್ಕೂ ನನ್ನ ನಿವೃತ್ತಿಯ ಹಣದಿಂದಲೇ ತೆಗೆದೆವು. ಅಡುಗೆಮನೆ, ಪೇಂಟು ಮುಂದಕ್ಕೆ ಹಾಕಲು ಆಗುತ್ತದೆ ಅಂತ ವರದಿಯಲ್ಲಿ ಇಲ್ಲದಿದ್ದರೆ ಕೈ ಪೂರ್ತಿ ಖಾಲಿಯಾಗುತ್ತಿತ್ತು.

ಕೆಲಸ ದಸರಾ ಕಳೆದ ಮೇಲೆ ಶುರು ಮಾಡಿಸಿದೆವು. ಬಾತ್‌ರೂಮಿಗೆ ವಾಟರ್ ಪ್ರೂಫಿಂಗ್ ಆದ ಮೇಲೆ, ಟೈಲ್ಸ್ ಹಾಕುವ ಮುಂಚೆ ಎರಡು ದಿನ ನೀರು ನಿಲ್ಲಿಸಿ, ಕೆಳಗಿನ ಮನೆಯಲ್ಲಿ ನೋಡಿ ಅಂತ ಅವರು ಬರೆದಿದ್ದರು. ಹಾಗೇ ಮಾಡಿದೆವು. ಮೂಲೆಯಲ್ಲಿ ಒಂದು ಕಡೆ ಒದ್ದೆ ಕಂಡಿತು, ಮತ್ತೆ ಬಳಿಸಿ ಮತ್ತೆ ಎರಡು ದಿನ ನಿಲ್ಲಿಸಿದೆವು. ಆ ನಾಲ್ಕು ಹಾಳೆಯಲ್ಲಿ ಈ ಒಂದು ಸಾಲಿಗೇ ನಾನು ₹4,000 ಕೊಡುತ್ತಿದ್ದೆ.

ಹಳೆ ಟೈಲ್ಸಿನ ಜೋಡಿ ಶಿವಮೊಗ್ಗದಲ್ಲಿ ಎಲ್ಲೂ ಸಿಗಲಿಲ್ಲ. ಗೋಡೆ ಇದ್ದ ಜಾಗದಲ್ಲಿ ಕಪ್ಪು ಗ್ರಾನೈಟಿನ ಪಟ್ಟಿ ಹಾಕಿಸಿದೆವು. ನಮ್ಮ ಕಡೆ ಹಳೆ ಮನೆಗಳಲ್ಲಿ ಜಗಲಿ, ನಡುಮನೆ ಬೇರೆ ಮಾಡುವ ಹೊಸಿಲಿನ ಹಾಗೆ ಕಾಣುತ್ತದೆ, ಎಡವುವ ಹಾಗಿಲ್ಲ.

ಧನುರ್ಮಾಸ ಮುಗಿದು, ಸಂಕ್ರಾಂತಿ ಕಳೆದ ಮೇಲೆ ಹಾಲು ಉಕ್ಕಿಸಿ ಬಂದೆವು. ಓಣಿಯಲ್ಲಿ ಈಗ ಉಳಿದಿರುವುದು 13 ಅಡಿ. ಬಾಗಿಲು ಇಲ್ಲದ ಕಡೆಯ ಗೋಡೆಗೆ ಉದ್ದಕ್ಕೂ ಸ್ಟೀಲ್ ಹಿಡಿಕೆ ಹಾಕಿಸಿ ಅಂತ ಇಂಜಿನಿಯರ್ ಹೇಳಿದ್ದರು, ₹3,200 ಆಯಿತು. ಅತ್ತೆ ಬೆಳಿಗ್ಗೆ ಸಂಜೆ ಅದನ್ನು ಹಿಡಿದುಕೊಂಡು, ವಾಕರ್ ಇಲ್ಲದೆ, ಹತ್ತು ಸಲ ಹೋಗಿ ಬರುತ್ತಾರೆ. ಊರಿನಲ್ಲಿ ಜಗಲಿಯ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದ ಹಾಗೆ. ಎಷ್ಟು ಸಲ ಆಯಿತು ಅಂತ ಅಡುಗೆಮನೆಯಲ್ಲಿರುವ ನನಗೆ ಕೂಗಿ ಹೇಳುತ್ತಾರೆ. ಇಡೀ ಓಣಿಯನ್ನೇ ಒಡೆಸಬೇಕು ಅಂತ ಹೊರಟಿದ್ದವಳು ನಾನು.

ಅಡುಗೆಮನೆಗೆ ಇನ್ನೂ ಕೈ ಹಾಕಿಲ್ಲ. ಮೂರು ತಿಂಗಳು ಅಲ್ಲಿ ಅಡುಗೆ ಮಾಡಿದ ಮೇಲೆ ನನಗೆ ಬೇಕಾಗಿರುವುದು ಮೊದಲು ಅಂದುಕೊಂಡದ್ದಕ್ಕಿಂತ ತುಂಬ ಕಡಿಮೆ ಅಂತ ಗೊತ್ತಾಗಿದೆ. ಒಂದು ದೊಡ್ಡ ಕಿಟಕಿ, ಮಳೆಗಾಲದಲ್ಲಿ ಬಟ್ಟೆ ಒಣಗಿಸಲು ಯುಟಿಲಿಟಿಯಲ್ಲಿ ಎರಡು ತಂತಿ.

ಕರೆಸುವವರಿಗೆ: ಊರೊಳಗೆ ₹4,000, ಭದ್ರಾವತಿ, ತೀರ್ಥಹಳ್ಳಿ ಕಡೆ ಬರಲು ಓಡಾಟದ ಖರ್ಚು ಬೇರೆ. ಎರಡರಿಂದ ಎರಡೂವರೆ ಗಂಟೆ ಇರುತ್ತಾರೆ. ಮನೆಯಲ್ಲಿ ವಾಕರ್, ವೀಲ್‌ಚೇರ್ ಇದ್ದರೆ ಅದರ ಅಗಲ, ದೊಡ್ಡ ಮಂಚ ಮತ್ತು ಬೀರುವಿನ ಅಳತೆ ಬರೆದುಕೊಂಡು ಹೋಗಿ. ಕೆಳಗಿನ ಮನೆಯವರಿಗೆ ಮೊದಲೇ ಒಂದು ಮಾತು ಹೇಳಿಡಿ. ವರದಿಗೆ ಎಂಟು ದಿನ ಅಂತಲೇ ಲೆಕ್ಕ ಹಾಕಿಕೊಳ್ಳಿ.

ನನ್ನಿಂದ ಐದಕ್ಕೆ ನಾಲ್ಕು ಸ್ಟಾರ್. ಒಂದು ಕಡಿಮೆ ಮಾಡಿದ್ದು ವೈರಿಂಗಿಗೆ. ಪಶ್ಚಿಮದ ಗೋಡೆ ಇನ್ನೂ ಜೋರು ಮಳೆ ಕಂಡಿಲ್ಲ. ಆಷಾಢ ಕಳೆದ ಮೇಲೆ ಅದು ಒಣಗಿದೆಯೋ, ಬೆವರಿದೆಯೋ ನೋಡಿ ಇಲ್ಲಿಯೇ ಸೇರಿಸಿ ಬರೆಯುತ್ತೇನೆ.